ಮೂತ್ರ ಕೆಂಪಾಯಿತೆಂದು ಗುಳಿಗೆ ಬಿಡಬೇಡಿ

ಕುರಿ, ಆಡು, ಎಮ್ಮೆ ಸಾಕಿದ ಮನೆಗಳಿಂದ, ಜಾನುವಾರುಗಳಿಂದ ಮನುಷ್ಯರಿಗೆ ಅಂಟುವ ಬ್ರುಸೆಲ್ಲೋಸಿಸ್ ಎಂಬ ಜ್ವರದ ರೋಗದ ಕುರಿತು ಬರುವ ಪತ್ರಗಳಲ್ಲಿ ಯಕೃತ್ತಿನ ಪ್ರಶ್ನೆಯೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪತ್ರ ನನ್ನ ಕೈ ಸೇರುವ ಹೊತ್ತಿಗೆ ಎಷ್ಟೋ ರೋಗಿಗಳು ಗುಳಿಗೆ ಬಿಟ್ಟು ಕಾಮಣಿ ಔಷಧ ಕೊಡುವವರ ಬಾಗಿಲಿಗೆ ಹೋಗಿರುತ್ತಾರೆ. ಆದ್ದರಿಂದ ಈ ಸಲ ಒಂದೇ ಪತ್ರಕ್ಕೆ ಹೆಚ್ಚಿನ ಜಾಗ ಕೊಡುತ್ತಿದ್ದೇನೆ. ರೋಗ ಎಲ್ಲಿಂದ ಬಂತು ಎಂಬ ಪಾಠವನ್ನು ಇಲ್ಲಿ ಮಾಡುವುದಿಲ್ಲ. ಕಂದು ಹಾಕಿದ ಕುರಿಯ ಮಾಸನ್ನು ಬರಿಗೈಯಲ್ಲಿ ಎಳೆದವರಿಗೂ ಹಸಿ ಹಾಲು ಕುಡಿದವರಿಗೂ ಅದು ಗೊತ್ತಿರುವ ಸಂಗತಿ.

ಪ್ರಶ್ನೆ: ನಮ್ಮ ಮನೆಯವರು ಕುರಿಗಾರರು, ವಯಸ್ಸು 42. ಎರಡು ತಿಂಗಳಿಂದ ಸಂಜೆಯಾದರೆ ಜ್ವರ, ಬೆವರು, ಸೊಂಟನೋವು. ಮೊದಲು ಟೈಫಾಯ್ಡ್ ಎಂದು ಇಂಜೆಕ್ಷನ್ ಕೊಟ್ಟರು. ಈಗ ವಿಜಯಪುರದಲ್ಲಿ ಬ್ರುಸೆಲ್ಲಾ ಪರೀಕ್ಷೆ 1:640 ಬಂದಿದೆ. ಲಿವರ್‌ನ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ 110, ಬಿಲಿರುಬಿನ್ 0.9, ಸ್ಕ್ಯಾನಿಂಗ್‌ನಲ್ಲಿ ಲಿವರ್ ದೊಡ್ಡದಾಗಿದೆ ಎಂದಿದ್ದಾರೆ. ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಆರಂಭಿಸಿ ಹತ್ತು ದಿನವಾಯಿತು. ಜ್ವರ ಇಳಿದಿದೆ, ಆದರೆ ಮೂತ್ರ ಕೆಂಪಗೆ ಹೋಗುತ್ತಿದೆ. ಕಾಮಣಿ ಆಗಿದೆ, ಗುಳಿಗೆಯಿಂದ ಲಿವರ್ ಸುಡುತ್ತಿದೆ ಎಂದು ಊರಲ್ಲಿ ಒಬ್ಬರು ಬೇರಿನ ಕಷಾಯ ಕೊಟ್ಟಿದ್ದಾರೆ. ಗುಳಿಗೆ ನಿಲ್ಲಿಸಬೇಕೆ? (ಬಸವನ ಬಾಗೇವಾಡಿ ತಾಲ್ಲೂಕಿನ ಓದುಗರು)

ಉತ್ತರ: ನಿಲ್ಲಿಸಬೇಕಾದದ್ದು ಕಷಾಯ. ಅದನ್ನು ಇಂದೇ ನಿಲ್ಲಿಸಿ.

ಕೆಂಪು ಮೂತ್ರದ ವಿಷಯವನ್ನು ಮೊದಲು ಬಗೆಹರಿಸೋಣ, ಏಕೆಂದರೆ ಅರ್ಧ ಚಿಕಿತ್ಸೆಗೇ ಕೈಬಿಡುವವರಲ್ಲಿ ಹಲವರು ಇದೇ ಕಾರಣಕ್ಕೆ ಕೈಬಿಡುತ್ತಾರೆ. ರಿಫಾಂಪಿಸಿನ್ ಸ್ವತಃ ಇಟ್ಟಿಗೆಬಣ್ಣದ ಔಷಧ. ಅದು ಮೂತ್ರ, ಬೆವರು, ಕಣ್ಣೀರುಗಳ ಮೂಲಕ ಹೊರಹೋಗುವಾಗ ಅವುಗಳಿಗೆ ಕಿತ್ತಳೆಗೆಂಪು ಬಣ್ಣ ಬರುತ್ತದೆ. ಬೆಳಿಗ್ಗೆ ಗುಳಿಗೆ ನುಂಗಿದ ಮೇಲಿನ ಕೆಲವು ಗಂಟೆಗಳಲ್ಲಿ ಈ ಬಣ್ಣ ಗಾಢವಾಗಿದ್ದು, ಸಂಜೆಯ ಹೊತ್ತಿಗೆ ತಿಳಿಯಾಗುತ್ತದೆ. ಕಾಮಣಿಯ ಮೂತ್ರ ಹಾಗಲ್ಲ, ದಿನವಿಡೀ ಕಡು ಹಳದಿಯಾಗಿಯೇ ಇರುತ್ತದೆ. ನಿಮ್ಮವರನ್ನು ಹಗಲು ಬೆಳಕಿನಲ್ಲಿ ಕೂರಿಸಿ, ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಕಣ್ಣಿನ ಬಿಳಿಭಾಗವನ್ನು ನೋಡಿರಿ. ಅದು ಬೆಳ್ಳಗಿದ್ದು, ವಾಂತಿಯಿಲ್ಲದೆ ಊಟ ಸೇರುತ್ತಿದ್ದರೆ ಈ ಬಣ್ಣ ಔಷಧದ್ದೇ ಎಂದು ತಿಳಿಯಬಹುದು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿ ತೀರ್ಮಾನಿಸಬೇಡಿ, ಅಲ್ಲಿ ಹಳದಿ ಕಣ್ತಪ್ಪಿ ಹೋಗುತ್ತದೆ.

ಇನ್ನು ಯಕೃತ್ತು. ಬ್ರುಸೆಲ್ಲಾ ರೋಗಾಣುವು ರಕ್ತಕ್ಕೆ ಸೇರಿದ ಮೇಲೆ, ರಕ್ತವನ್ನು ಸೋಸಿ ಕ್ರಿಮಿಗಳನ್ನು ನುಂಗುವ ಜೀವಕೋಶಗಳು ಎಲ್ಲೆಲ್ಲಿವೆಯೋ ಅಲ್ಲಿಗೆಲ್ಲ ಹೋಗುತ್ತದೆ: ಯಕೃತ್ತು, ಗುಲ್ಮ, ಮೂಳೆಯ ಮಜ್ಜೆ, ದುಗ್ಧಗ್ರಂಥಿಗಳು. ಇವುಗಳಲ್ಲಿ ಯಕೃತ್ತೇ ದೊಡ್ಡದು, ಮತ್ತು ಅಲ್ಲಿನ ಕುಪ್ಫರ್ ಕೋಶಗಳು ಈ ರೋಗಾಣುವನ್ನು ನುಂಗಿದರೂ ಎಲ್ಲವನ್ನೂ ಕೊಲ್ಲಲಾರವು. ಕಾವಲುಗಾರನ ಮನೆಯಲ್ಲೇ ಕಳ್ಳ ಅಡಗಿ ಕುಳಿತಂತೆ ಅದು ಆ ಕೋಶದೊಳಗೇ ಬದುಕಿ ಬೆಳೆಯುತ್ತದೆ. ದೇಹ ಅದರ ಸುತ್ತ ಉರಿಯೂತದ ಕೋಶಗಳನ್ನು ಕೂಡಿಸುತ್ತದೆ. ಕೆಲವರಲ್ಲಿ ಅವು ಗ್ರಾನುಲೋಮಾ ಎಂಬ ಸಣ್ಣ ಗಂಟುಗಳಾಗುತ್ತವೆ; ಕುರಿ ಮತ್ತು ಆಡಿನಿಂದ ಬರುವ ಮೆಲಿಟೆನ್ಸಿಸ್ ಪ್ರಭೇದದಲ್ಲಿ ಬರಿಯ ಚದುರಿದ ಉರಿಯೂತವೇ ಇರುವುದೂ ಉಂಟು. ಯಕೃತ್ತು ಊದಿಕೊಂಡು ಸ್ಕ್ಯಾನಿಂಗ್‌ನಲ್ಲಿ ದೊಡ್ಡದಾಗಿ ಕಾಣುವುದು, ಎಸ್‌ಜಿಪಿಟಿ ಎರಡು ಮೂರು ಪಟ್ಟು ಏರುವುದು ಇದರಿಂದ. ಸಾಮಾನ್ಯ ಮಿತಿ 40 ಎಂದಿಟ್ಟುಕೊಂಡರೆ ನಿಮ್ಮವರ 110 ಮೂರು ಪಟ್ಟಿಗೂ ಕಡಿಮೆ. ಕಾಮಣಿಯಲ್ಲಿ ಏರುವ ಬಿಲಿರುಬಿನ್ ಏರಿಯೇ ಇಲ್ಲ. ಇದನ್ನು "ಲಿವರ್ ಹೋಗಿದೆ" ಎಂದು ಹೇಳಿದವರು ರಿಪೋರ್ಟನ್ನು ಓದಿಲ್ಲ.

ಚಿಕಿತ್ಸೆ ಪೂರ್ಣಗೊಂಡರೆ ಈ ಊತ ಇಳಿಯುತ್ತದೆ, ಎಸ್‌ಜಿಪಿಟಿ ತನ್ನ ಮಟ್ಟಕ್ಕೆ ಮರಳುತ್ತದೆ, ಗಂಟುಗಳು ಸಾಮಾನ್ಯವಾಗಿ ಕರಗುತ್ತವೆ. ಬ್ರುಸೆಲ್ಲೋಸಿಸ್‌ನಿಂದ ಯಕೃತ್ತು ಒಣಗಿ ಸಿರೋಸಿಸ್ ಆಗುವುದೆಂಬ ಹೆದರಿಕೆಗೆ ಆಧಾರವಿಲ್ಲ. ಕಣ್ಣು ಹಳದಿಯಾಗುವಷ್ಟು ಕಾಮಣಿ ಈ ರೋಗದಲ್ಲಿ ಅಪರೂಪ. ಹಾಗಾದರೆ ನಾನು ಹೆಪಟೈಟಿಸ್, ಇಲಿಜ್ವರ, ಪಿತ್ತಕೋಶದ ಕಲ್ಲು, ಮದ್ಯ ಮತ್ತು ನಾಟಿ ಔಷಧ, ಈ ಎಲ್ಲವನ್ನೂ ಹುಡುಕುತ್ತೇನೆ. ಗಂಭೀರವೆನ್ನಬಹುದಾದ ತೊಡಕೆಂದರೆ ಯಕೃತ್ತಿನಲ್ಲಿ ಕೀವುಗಟ್ಟುವುದು. ಇದೂ ವಿರಳವೇ. ಗುಳಿಗೆ ನುಂಗುತ್ತಿದ್ದರೂ ಜ್ವರ ಇಳಿಯದೆ, ಬಲಪಕ್ಕೆಯ ಕೆಳಗೆ ನೋವು ನಿಂತರೆ ಸಿ.ಟಿ. ಸ್ಕ್ಯಾನ್ ಬೇಕು, ಹಳೆಯ ಕೀವುಗಂಟಿನ ನಡುವೆ ಸುಣ್ಣ ಕಟ್ಟಿದ ಗುರುತು ಅಲ್ಲಿ ಕಾಣುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಕೊಡುವ ಆರು ವಾರದ ಚಿಕಿತ್ಸೆ ಸಾಲದು, ಕೆಲವರಿಗೆ ಕೀವು ತೆಗೆಯಬೇಕಾಗುತ್ತದೆ, ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು.

ಗುಳಿಗೆಯಿಂದ ಯಕೃತ್ತಿಗೆ ತೊಂದರೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಿಫಾಂಪಿಸಿನ್ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಅದಕ್ಕಾಗಿಯೇ ಆರಂಭದ ದಿನದ ರಿಪೋರ್ಟ್ ಅತ್ಯಗತ್ಯ. ಎರಡು ವಾರಕ್ಕೊಮ್ಮೆ ಅದೇ ಪರೀಕ್ಷೆಯನ್ನು ಮಾಡಿಸಿ, ಹಳೆಯ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. 110 ಇದ್ದದ್ದು 70ಕ್ಕೆ ಇಳಿದರೆ ರೋಗ ಗುಣವಾಗುತ್ತಿದೆ ಎಂದರ್ಥ. ಇಳಿದದ್ದು ಮತ್ತೆ ಏರಿದರೆ, ಅಥವಾ ಮಿತಿಯ ಐದು ಪಟ್ಟು ದಾಟಿದರೆ, ಅಥವಾ ಮೂರು ಪಟ್ಟಿನ ಜೊತೆಗೆ ವಾಂತಿ, ಊಟ ಸೇರದಿರುವುದು, ಹಳದಿ ಕಣ್ಣು ಕಾಣಿಸಿದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಅವರು ಔಷಧ ಬದಲಿಸುತ್ತಾರೆ. ನಡುವೆ ಬೇರಿನ ಕಷಾಯ ಕುಡಿದಿದ್ದರೆ ಏರಿಕೆ ಯಾವುದರಿಂದ ಆಯಿತೆಂದು ಯಾವ ವೈದ್ಯನೂ ಹೇಳಲಾರ, ಮತ್ತು ಆಗ ಬಿಡಬಾರದ ಔಷಧವನ್ನೇ ಬಿಡಬೇಕಾಗಿ ಬರುತ್ತದೆ. ಕಷಾಯ ಕುಡಿದದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ, ಈ ವಾರವೇ ಪರೀಕ್ಷೆ ಮಾಡಿಸಿ. ಆರು ವಾರ ಮದ್ಯ ಮುಟ್ಟಬಾರದು. ಲಿವರ್ ಟಾನಿಕ್ಕಿಗೆ ಹಣ ಹಾಕುವ ಬದಲು ಆ ಹಣದಲ್ಲಿ ರಕ್ತಪರೀಕ್ಷೆ ಮಾಡಿಸಿರಿ.

ಆರು ವಾರ ಏಕೆ, ಎರಡು ಔಷಧ ಏಕೆ ಎಂದು ಕೇಳುವವರಿಗೆ ಉತ್ತರ ಮೇಲೆಯೇ ಇದೆ: ರೋಗಾಣು ಜೀವಕೋಶದೊಳಗೆ ಅಡಗಿರುತ್ತದೆ. ಜ್ವರ ಮೊದಲ ವಾರದಲ್ಲೇ ಇಳಿಯಬಹುದು, ರೋಗಾಣು ಅಷ್ಟು ಬೇಗ ಹೋಗುವುದಿಲ್ಲ. ಪೂರ್ತಿ ಚಿಕಿತ್ಸೆ ಪಡೆದ ನೂರರಲ್ಲಿ ಐದರಿಂದ ಹತ್ತು ಮಂದಿಗೆ ರೋಗ ಮರುಕಳಿಸುತ್ತದೆ. ಅರ್ಧಕ್ಕೆ ಬಿಟ್ಟವರಲ್ಲಿ ಇನ್ನೂ ಹೆಚ್ಚು, ಮತ್ತು ಆಗ ಅದು ಬೆನ್ನುಮೂಳೆಯನ್ನೋ ಹೃದಯದ ಕವಾಟವನ್ನೋ ಹಿಡಿಯಬಹುದು. ಈ ರೋಗದಲ್ಲಿ ಸಾವು ಸಂಭವಿಸಿದರೆ ಅದು ಹೆಚ್ಚಾಗಿ ಹೃದಯದ ಸೋಂಕಿನಿಂದ, ಯಕೃತ್ತಿನಿಂದಲ್ಲ.

ನನ್ನ ಸ್ವಂತ ಎಚ್ಚರಿಕೆಯೊಂದನ್ನು ಇಲ್ಲಿ ಸೇರಿಸುತ್ತೇನೆ. ಕ್ಷಯವಿರುವ ನಮ್ಮ ಸೀಮೆಯಲ್ಲಿ ಕಫ ಮತ್ತು ಎದೆಯ ಎಕ್ಸ್‌ರೇ ನೋಡದೆ ನಾನು ರಿಫಾಂಪಿಸಿನ್ ಬರೆಯುವುದಿಲ್ಲ. ಬ್ರುಸೆಲ್ಲೋಸಿಸ್‌ಗೆ ಕೊಡುವ ರಿಫಾಂಪಿಸಿನ್, ಅಡಗಿದ ಕ್ಷಯಕ್ಕೆ ಅರೆಬರೆ ಚಿಕಿತ್ಸೆಯಾಗಿ, ಆ ಔಷಧಕ್ಕೆ ಬಗ್ಗದ ಕ್ಷಯವನ್ನು ಬೆಳೆಸಬಲ್ಲದು. ಎಸ್‌ಜಿಪಿಟಿ ಆರಂಭದಲ್ಲೇ ಬಹಳ ಏರಿದ್ದರೆ, ಮೂತ್ರಪಿಂಡ ಸರಿಯಿದ್ದಲ್ಲಿ, ಡಾಕ್ಸಿಸೈಕ್ಲಿನ್ ಜೊತೆಗೆ ಜೆಂಟಾಮೈಸಿನ್ ಇಂಜೆಕ್ಷನ್ನನ್ನು ಆಯ್ದುಕೊಳ್ಳುತ್ತೇನೆ.

ಮೊದಲು ಟೈಫಾಯ್ಡ್ ಎಂದರಲ್ಲ, ಅದರ ಬಗ್ಗೆಯೂ ಹೇಳಲೇಬೇಕು. ವಿಜಯಪುರದಲ್ಲಿ 16 ವರ್ಷಗಳಲ್ಲಿ ಪತ್ತೆಯಾದ 495 ವಯಸ್ಕ ರೋಗಿಗಳ ವಿವರ 2006ರಲ್ಲೇ ಪ್ರಕಟವಾಗಿದೆ. ಈ ರೋಗ ನಮಗೆ ಹೊಸದಲ್ಲ. ಹಾಗಿದ್ದೂ ಕುರಿಗಾರನ ದೀರ್ಘಜ್ವರಕ್ಕೆ ಟೈಫಾಯ್ಡ್‌ನ ವಿಡಾಲ್ ಪರೀಕ್ಷೆಯೊಂದನ್ನೇ ಮಾಡಿ, ದಿನಕ್ಕೊಂದು ಇಂಜೆಕ್ಷನ್ ಚುಚ್ಚಿ, ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರಿನ ಅವಕಾಶವನ್ನು ಕೆಡಿಸುವುದು ಅಕ್ಷಮ್ಯ. ನಿಮ್ಮ ಮನೆಯಲ್ಲಿ ಕುರಿ ಇದೆ, ಕಂದು ಹಾಕಿದೆ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿರಿ.

ಪ್ರಶ್ನೆ: ಕಾಮಣಿಗೆ ಕೈಮೇಲೆ ಬರೆ ಹಾಕಿಸಿದರೆ, ಮೂಗಿಗೆ ಹನಿ ಬಿಡಿಸಿದರೆ ಪ್ರಯೋಜನವಿದೆಯೆ? (ಹುನಗುಂದ)

ಇಲ್ಲ. ಸುಟ್ಟ ಗಾಯ ಮಾತ್ರ ಉಳಿಯುತ್ತದೆ.

ಪ್ರಶ್ನೆ: ಆಡಿನ ಹಸಿ ಹಾಲು ಲಿವರಿಗೆ ತಂಪು ಎನ್ನುತ್ತಾರೆ. (ಅಥಣಿ)

ಹೇಳುವವರು ತಪ್ಪು ಹೇಳುತ್ತಿದ್ದಾರೆ. ಉಕ್ಕುವವರೆಗೆ ಕಾಯಿಸದ ಆಡಿನ ಹಾಲನ್ನು ಯಾರಿಗೂ ಕೊಡಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ.

ಪ್ರಶ್ನೆ: ಚಿಕಿತ್ಸೆ ಮುಗಿದು ವರ್ಷವಾದರೂ ಪರೀಕ್ಷೆ ಪಾಸಿಟಿವ್ ಬರುತ್ತಿದೆ. ಮತ್ತೆ ಗುಳಿಗೆ ಬೇಕೆ? (ಜಮಖಂಡಿ)

ಪ್ರತಿಕಾಯಗಳು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಜ್ವರ, ನೋವು, ತೂಕದ ಇಳಿಕೆ ಯಾವುದೂ ಇಲ್ಲದವರು ರಿಪೋರ್ಟಿಗಾಗಿ ಗುಳಿಗೆ ನುಂಗಬೇಕಿಲ್ಲ.

ಪ್ರಶ್ನೆ: ಮನುಷ್ಯರಿಗೆ ಲಸಿಕೆ ಇದೆಯೆ? (ಗೋಕಾಕ)

ಇಲ್ಲ. ಹಸು ಮತ್ತು ಎಮ್ಮೆಯ ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಹಾಕುವ ಲಸಿಕೆ ಇದೆ, ತಪ್ಪದೆ ಹಾಕಿಸಿರಿ. ಅದು ಜೀವಂತ ರೋಗಾಣುವಿನ ಲಸಿಕೆ. ಕರು ಹಿಡಿದುಕೊಳ್ಳುವಾಗ ಸೂಜಿ ನಿಮ್ಮ ಕೈಗೆ ಚುಚ್ಚಿದರೆ, ಅಥವಾ ಹನಿ ಕಣ್ಣಿಗೆ ಸಿಡಿದರೆ, ತೊಳೆದುಕೊಂಡು ಅದೇ ದಿನ ವೈದ್ಯರನ್ನು ಕಂಡು ಯಾವ ಲಸಿಕೆ ಎಂದು ಹೆಸರು ಹೇಳಬೇಕು.