ಗಿರಾಕಿಯ ನಾಲಗೆ ಒಂದೇ ಸಾಕಾ?

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ 22 ವರ್ಷದಿಂದ ಹೋಟೆಲ್ ನಡೆಸ್ತಿರೋ ಓದುಗರೊಬ್ರು ಎರಡು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: "ಲೈಸೆನ್ಸು, ಸೀಲು, ಸ್ಯಾಂಪಲ್ಲು ಎಲ್ಲ ಅಧಿಕಾರಿಗಳ ಕಮಾಯಿಗೆ ಮಾಡಿಟ್ಟದ್ದು. ನನ್ನ ಸಾಂಬಾರ್ ಕೆಟ್ರೆ ಗಿರಾಕಿ ನಾಳೆ ಎದುರಿನ ಹೋಟೆಲಿಗೆ ಹೋಗ್ತಾನೆ. ಅವನಿಗಿಂತ ದೊಡ್ಡ ಇನ್‌ಸ್ಪೆಕ್ಟರ್ ಯಾಕೆ ಬೇಕು ಸಂಪಾದಕರೇ?"

ಶೆಟ್ರೇ, ನಮಸ್ಕಾರ. ತಪಾಸಣೆ ಹೆಸರಲ್ಲಿ ಲಂಚದ ಕವರ್ ಕೇಳೋರು ಇದ್ದಾರೆ, ದೀಪಾವಳಿ ಹತ್ತಿರ ಬಂದ್ರೆ ಇನ್ನೂ ಜಾಸ್ತಿ, ಅದನ್ನ ಒಪ್ಪಿದೆ. ಸಾಂಬಾರಿನ ವಿಷಯದಲ್ಲೂ ನಿಮ್ಮ ಮಾತು ಸರಿಯೇ. ಆದ್ರೆ ಸಾಂಬಾರ್ ಕೆಟ್ರೆ ನಾಲಗೆಗೆ ಗೊತ್ತಾಗುತ್ತೆ, ನಾಲಗೆಗೆ ಗೊತ್ತೇ ಆಗದ್ದು ಕೆಟ್ರೆ ಏನು ಮಾಡೋಣ?

ನನ್ನ ಸೋದರಮಾವ ಮಾಟುಂಗಾದ ಒಂದು ಹೋಟೆಲಲ್ಲಿ ಮ್ಯಾನೇಜರ್ ಆಗಿದ್ರು. ಬೆಳಿಗ್ಗೆ ನಾಲ್ಕೂವರೆಗೆ ಹಾಲಿನ ಕ್ಯಾನ್ ಬರೋದು. ಮಾವ ಉದ್ದದ ಗಾಜಿನ ಜಾಡಿಗೆ ಹಾಲು ಸುರಿದು, ನೀರು ಬೆರೆಸಿದ್ದು ಪತ್ತೆ ಮಾಡೋ ಲ್ಯಾಕ್ಟೋಮೀಟರ್ ಬಿಡೋರು, ಅಷ್ಟಕ್ಕೇ ಬಿಡ್ತಿರಲಿಲ್ಲ, ಎರಡು ಚಮಚ ಹಾಲು ಕುದಿಸಿ ಆರಿಸಿ ಅದಕ್ಕೆ ಒಂದು ಹನಿ ಟಿಂಚರ್ ಅಯೋಡಿನ್ ಹಾಕೋರು. ಒಂದು ದಿನ ನಾನೂ ಅಲ್ಲೇ ನಿಂತಿದ್ದೆ, ಹನಿ ಬಿದ್ದಲ್ಲೇ ಹಾಲು ನೀಲಿಗೆ ತಿರುಗಿತು. ಪಿಷ್ಟ, ಅಂದ್ರೆ ನೀರು ಬೆರೆಸಿ ಮೇಲೆ ಹಿಟ್ಟು ಹಾಕಿ ದಪ್ಪ ಮಾಡಿದ್ದು, ಹಾಗಾಗಿ ಲ್ಯಾಕ್ಟೋಮೀಟರ್ ಕೂಡ ಏನೂ ಹೇಳಿರಲಿಲ್ಲ. ಮಾವ ಮೂರೂ ಕ್ಯಾನ್ ವಾಪಸ್ ಕಳಿಸಿದ್ರು. ಬೇರೆ ಹಾಲು ಬರೋ ತನಕ, ಒಂಬತ್ತು ಗಂಟೆವರೆಗೆ ಹೋಟೆಲಲ್ಲಿ ಕಾಫಿಯೂ ಇಲ್ಲ ಚಾವೂ ಇಲ್ಲ, ಆಫೀಸಿಗೆ ಹೋಗೋ ಖಾಯಂ ಗಿರಾಕಿಗಳು ಬೈದು ಹೋದ್ರು. ಇಲ್ಲಿ ನೋಡಿ ಶೆಟ್ರೇ, ಹಿಂದಿನ ಎರಡು ದಿನವೂ ಅದೇ ಭೈಯ್ಯನ ಹಾಲು, ಮಾವನಿಗೆ ಜ್ವರ ಅಂತ ಪರೀಕ್ಷೆ ಆಗಿರಲಿಲ್ಲ, ಆ ಎರಡು ದಿನ ಗಿರಾಕಿಗಳು "ಕಾಫಿ ಭಾರೀ ಗಟ್ಟಿ ಉಂಟು ಮಾರಾಯ್ರೇ" ಅಂತ ಹೊಗಳಿದ್ರಂತೆ!

ಇನ್ನು ಹಿಟ್ಟಿನಷ್ಟಕ್ಕೆ ಮುಗಿಯದ ಕಥೆ. 1986ರ ಜನವರಿ, ನಮ್ಮ ಭಾಯ್ಖಳಾದ ಜೆಜೆ ಆಸ್ಪತ್ರೆ. ಕಣ್ಣಿನ, ಮೆದುಳಿನ ಒತ್ತಡ ಇಳಿಸೋಕೆ ರೋಗಿಗಳಿಗೆ ಗ್ಲಿಸರಿನ್ ಕುಡಿಸ್ತಿದ್ರು, ಒಬ್ಬೊಬ್ಬರದೇ ಕಿಡ್ನಿ ನಿಂತು 14 ಜನ ಸತ್ತರು. ಬಾಟಲಿಯಲ್ಲಿದ್ದದ್ದು ಕಾರ್ಖಾನೆ ಕೆಲಸದ ಗ್ಲಿಸರಿನ್, ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಸೇರಿತ್ತು. ಅದೂ ಗ್ಲಿಸರಿನ್ ಹಾಗೇ ದಪ್ಪ, ಹಾಗೇ ಸಿಹಿ. ಯಾವ ರೋಗಿ ಅದನ್ನ ಉಗಿಯಬೇಕಿತ್ತು ಹೇಳಿ? ಎದುರಿನ ಯಾವ ಆಸ್ಪತ್ರೆಗೆ ನಾಳೆ ಹೋಗಬೇಕಿತ್ತು? ಜಸ್ಟಿಸ್ ಲೆಂಟಿನ್ ಆಯೋಗ ಕೂತು ಔಷಧ ಖರೀದಿಯ ಹುಳುಕು, ಆಹಾರ-ಔಷಧ ತಪಾಸಣೆಯ ಇಲಾಖೆ ಎಫ್‌ಡಿಎ ಒಳಗಿನ ಲಂಚ ಎಲ್ಲ ಬಿಚ್ಚಿಟ್ಟಿತು, ಆರೋಗ್ಯ ಮಂತ್ರಿ ರಾಜೀನಾಮೆ ಕೊಟ್ರು. ನೀವು ಹೇಳೋ ಲಂಚವೇ ಅಲ್ಲೂ ಇದ್ದದ್ದು, ಆದ್ರೆ ತಪಾಸಣೆ ಬೇಡ ಅಂತ ಲೆಂಟಿನ್ ಹೇಳಲಿಲ್ಲ, ನೆಟ್ಟಗೆ ಮಾಡಿ ಅಂದ್ರು.

ಮಾಡಿದ್ವಾ? 2022ರಲ್ಲಿ ಗ್ಯಾಂಬಿಯಾದಲ್ಲಿ ನಮ್ಮ ದೇಶದ ಕೆಮ್ಮಿನ ಸಿರಪ್ ಕುಡಿದ 60ಕ್ಕೂ ಹೆಚ್ಚು ಮಕ್ಕಳು ಹೋದವು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ನಮ್ಮದೇ 20ಕ್ಕೂ ಹೆಚ್ಚು ಮಕ್ಕಳು. ಆ ಸಿರಪ್ಪಲ್ಲಿ ಶೇಕಡಾ 0.1 ದಾಟಬಾರದ ಅದೇ ವಿಷ 48.6 ಇತ್ತು ಅಂತ ತಮಿಳುನಾಡಿನ ಸರ್ಕಾರಿ ಲ್ಯಾಬ್ ಹೇಳಿತು. ಹೇಳಿದ್ದು ಮಕ್ಕಳು ಸತ್ತ ಮೇಲೆ. ಸಿರಪ್ಪಿನ ಕಚ್ಚಾ ಮಾಲಿನ ಡ್ರಮ್ ತೆರೆದ ದಿನವೇ ಒಬ್ಬ ಕೆಮಿಸ್ಟ್ ಸ್ಯಾಂಪಲ್ ಹಾಕಿ "ಈ ಮಾಲು ಬೇಡ" ಅಂದಿದ್ರೆ ಅಲ್ಲಿಗೇ ನಿಲ್ತಿತ್ತು, ಮಾವ ಕ್ಯಾನ್ ವಾಪಸ್ ಕಳಿಸಿದ ಹಾಗೆ. ನನ್ನ ಹೊಟ್ಟೆ ಉರಿಯೋದು ಇಲ್ಲಿ.

ಕಾನೂನಿಗೇನು ಬರಗಾಲ ಇಲ್ಲ. ಮಾಲಿನ ಗುಣಮಟ್ಟ ಗೊತ್ತುಮಾಡೋ ಐಎಸ್‌ಐ ಸಂಸ್ಥೆ (ಈಗಿನ ಬಿಐಎಸ್) ಶುರುವಾದದ್ದು 1947ರಲ್ಲಿ, ಗ್ರಾಹಕ ರಕ್ಷಣಾ ಕಾಯ್ದೆ ಬಂದದ್ದು ಜೆಜೆ ಸಾವುಗಳ ವರ್ಷವೇ, 1986ರ ಡಿಸೆಂಬರ್. ಆಹಾರದ ಸ್ಯಾಂಪಲ್ ರಿಪೋರ್ಟು 14 ದಿನದೊಳಗೆ ಕೊಡಬೇಕು ಅಂತಿದೆ, ಆದ್ರೆ ಹಾಲು 14 ದಿನ ಯಾರ ಮನೆಯಲ್ಲಿ ಇರುತ್ತೆ? ಲ್ಯಾಬು ಹೆಚ್ಚಿಸಿ, ಕೆಮಿಸ್ಟುಗಳನ್ನ ನೇಮಿಸಿ ಅಂತ ಯಾವ ಪಾರ್ಟಿಯೂ ಓಟು ಕೇಳಲ್ಲ. ನಾವಾದ್ರೂ ಕೇಳ್ತೀವಾ? ಬಿಲ್ ಬೇಡ, ಸ್ವಲ್ಪ ಕಮ್ಮಿ ಮಾಡಿ ಅಂತ ಬಂಗಾರ ತಗೊಳ್ಳೋರು ನಮ್ಮವರೇ, ಬಂಗಾರದ ಶುದ್ಧತೆ ತೋರಿಸೋ ಹಾಲ್‌ಮಾರ್ಕ್ ಪಕ್ಕದ ಆರು ಅಕ್ಷರದ ನಂಬರನ್ನ ಬಿಐಎಸ್ ಕೇರ್ ಆಪಲ್ಲಿ ಹಾಕಿ ನೋಡೋಕೆ ಒಂದು ನಿಮಿಷ ಸಾಕು, ನೋಡಲ್ಲ. ಲಕ್ಷದ ಬೈಕು ತಗೊಂಡ ಹುಡುಗ ಐಎಸ್‌ಐ ಗುರುತಿಲ್ಲದ, ರಸ್ತೆ ಬದಿಯ ಇನ್ನೂರು ರೂಪಾಯಿ ಹೆಲ್ಮೆಟ್ ಹಾಕ್ಕೊಂಡು ಹೈವೇಗೆ ಹೋಗ್ತಾನೆ, ಅಪ್ಪ ಅಮ್ಮ ಸುಮ್ಮನಿರ್ತಾರೆ.

ನಿಮ್ಮ ಹೋಟೆಲಲ್ಲಿ ನಾನು ಉಂಡಿದ್ದೇನೆ ಶೆಟ್ರೇ. ನೀವೇ ಎದ್ದು ಅಡುಗೆ ಕೋಣೆಗೆ ಹೋಗಿ ಸೌಟಲ್ಲಿ ತೆಗೆದು ಚಟ್ನಿ ಮೂಸಿ ನೋಡಿದ್ದು ಕಂಡಿದ್ದೇನೆ. ಆ ಕೆಲಸ ಗಿರಾಕಿಗೆ ಬಿಟ್ಟಿರಲಿಲ್ಲ ನೀವು, ಹಾಗಿದ್ದೂ ಇಂಥ ಪತ್ರ ಬರೆದ್ರಲ್ಲ ಅಂತ ಬೇಜಾರಾಯ್ತು.

ಕವರ್ ಕೇಳಿದವರ ವಿಷಯ ಪತ್ರದಲ್ಲಿ ಬರೆದು ಬಿಟ್ಟುಬಿಡಬೇಡಿ. ಲಂಚಕೋರರನ್ನ ಹಿಡಿಯೋ ಮಹಾರಾಷ್ಟ್ರ ಎಸಿಬಿಯ ನಂಬರು 1064. ಲಿಖಿತ ದೂರು ಕೊಡೋದಾದ್ರೆ ವರ್ಲಿಯ ಆಫೀಸಿಗೆ ನಾನೂ ನಿಮ್ಮ ಜೊತೆ ಬರ್ತೇನೆ, ಮಂಗಳವಾರ ಬಿಟ್ಟು ಯಾವ ದಿನವಾದ್ರೂ ಆದೀತು.