ಬಸುರಿಯ ತಟ್ಟೆ: ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ

ಪ್ರಶ್ನೆ: ನನಗೀಗ ಆರನೇ ತಿಂಗಳು. ಹಿಮೋಗ್ಲೋಬಿನ್ 9.2 ಇತ್ತು. ಡಾಕ್ಟರ್ ಹೇಳಿದಂತೆ ತಿಂಗಳಿಂದ ದಿನಕ್ಕೆ 2 ಕೆಂಪು ಕಬ್ಬಿಣದ ಮಾತ್ರೆ ತಪ್ಪದೆ ತಗೊಂಡಿದ್ದೀನಿ, ಎರಡೂ ಹೊತ್ತು ರಾಗಿ ಮುದ್ದೆ ಊಟ. ಆದರೂ 9.4ಕ್ಕೆ ನಿಂತಿದೆ. ಮರೆತುಹೋಗಬಾರದು ಅಂತ ಕ್ಯಾಲ್ಸಿಯಂ ಮಾತ್ರೆನೂ ಅದರ ಜೊತೆಗೇ, ತಿಂಡಿ ಕಾಫಿ ಆದ ಕೂಡಲೇ ನುಂಗ್ತೀನಿ. ರಾತ್ರಿಯ ಮಾತ್ರೆ ಕೇಸರಿ ಹಾಲಿನ ಜೊತೆ. ಎಲ್ಲಿ ತಪ್ಪಾಗ್ತಿದೆ?
– ಓದುಗರು, ಮಂಡ್ಯ

ಉತ್ತರ: ನೀವು ಮಾತ್ರೆ ನುಂಗುವ ಹೊತ್ತೇ ಅದಕ್ಕೆ ಅಡ್ಡಿಯಾಗಿರುವಂತಿದೆ. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದುಹಾಕುತ್ತದೆ. ಹಾಲು, ಕ್ಯಾಲ್ಸಿಯಂ ಮಾತ್ರೆಯೂ ಅದು ರಕ್ತ ಸೇರದಂತೆ ತಡೆಯುತ್ತವೆ. ಒಂದು ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಆ ಕಬ್ಬಿಣದಲ್ಲಿ ನಿಮಗೆ ದಕ್ಕುತ್ತಿರುವುದು ತೀರಾ ಸ್ವಲ್ಪ.

ನಾಳೆಯಿಂದ ಹೀಗೆ ಮಾಡಿ. 8 ಗಂಟೆಗೆ ತಿಂಡಿಯೊಂದಿಗೆ ಒಂದು ಕ್ಯಾಲ್ಸಿಯಂ. 11 ಗಂಟೆಗೆ ಒಂದು ಲೋಟ ನಿಂಬೆ ನೀರಿನ ಜೊತೆ ಕೆಂಪು ಮಾತ್ರೆ. ನಿಂಬೆಯ ಬದಲು ಅರ್ಧ ಸೀಬೆಹಣ್ಣಾದರೂ ಆದೀತು, ಬೇಕಾದ್ದು ಅದರ ವಿಟಮಿನ್ ಸಿ. ಎರಡನೇ ಕ್ಯಾಲ್ಸಿಯಂ ಮಧ್ಯಾಹ್ನ ಒಂದೂವರೆಯ ಊಟಕ್ಕೆ. ಎರಡನೇ ಕೆಂಪು ಮಾತ್ರೆ ರಾತ್ರಿ ಊಟವಾಗಿ 2 ಗಂಟೆ ಬಿಟ್ಟು, ನೀರಿನಲ್ಲಿ. ಹಾಲನ್ನು ಸಂಜೆ 5ಕ್ಕೆ ಕುಡಿದುಬಿಡಿ. (ಕೇಸರಿ ಹಾಕಿದ್ದಕ್ಕೆ ಮಗುವಿನ ಬಣ್ಣವೇನೂ ಬದಲಾಗದು, ಆ ದುಡ್ಡಿಗೆ ಮೊಟ್ಟೆ ತನ್ನಿ.) ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಒಂದು ಬಾಳೆಹಣ್ಣು ತಿಂದು ನುಂಗಿ, ಬಿಡಬೇಡಿ. ಮಲ ಕಪ್ಪಗಾಗುವುದು ಮಾತ್ರೆಯಿಂದ, ಹೆದರಬೇಡಿ.

ರಾಗಿ ಒಳ್ಳೆಯದೇ, ಆದರೆ ಅದರ ದೊಡ್ಡ ಬಲ ಕ್ಯಾಲ್ಸಿಯಂ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಕಬ್ಬಿಣ ಬರೀ 4–5 ಮಿಲಿಗ್ರಾಂ, ಅದನ್ನೂ ಕಾಳಿನೊಳಗಿನ ಫೈಟೇಟ್ ಎಂಬ ಅಂಶ ಸುಲಭಕ್ಕೆ ಬಿಟ್ಟುಕೊಡದು. ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿಸಿದರೆ ಫೈಟೇಟ್ ತಗ್ಗುತ್ತದೆ. ಮುದ್ದೆಯ ಜೊತೆಗಿನ ಹುರುಳಿ ಬಸ್ಸಾರಿಗೆ ನಿಂಬೆ ಹಿಂಡುವುದಾದರೆ ಒಲೆಯಿಂದ ಇಳಿಸಿ, ತಟ್ಟೆಗೆ ಬಡಿಸಿಕೊಂಡ ಮೇಲೆ ಹಿಂಡಿ; ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಹಾಳಾಗುತ್ತದೆ.

ಆದರೂ ಇದನ್ನು ಹೇಳಲೇಬೇಕು: ಹಿಮೋಗ್ಲೋಬಿನ್ ತಿಂಗಳಿಗೆ ಕನಿಷ್ಠ 1 ಗ್ರಾಂ ಏರಬೇಕಿತ್ತು, ನಿಮಗೆ ಅಷ್ಟು ಏರಿಲ್ಲ. ಈ ವಾರವೇ ತಾಯಿ ಕಾರ್ಡ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ವಿಟಮಿನ್ ಬಿ12 ಕೊರತೆ, ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ತೊಂದರೆ) ಇದೆಯೇ ನೋಡಬೇಕಾಗುತ್ತದೆ. ಜಂತುಹುಳದ ಮಾತ್ರೆ ಆಗಿದೆಯೇ ಎಂದೂ ಕೇಳಿ. ರಕ್ತನಾಳದ ಮೂಲಕ ಕಬ್ಬಿಣ ಕೊಡುವುದೋ ಹೇಗೆ ಎಂಬುದನ್ನು ಅವರು ತೀರ್ಮಾನಿಸುತ್ತಾರೆ.

ಪ್ರಶ್ನೆ: ನಮ್ಮ ಸೊಸಿಗೆ ಐದನೇ ತಿಂಗಳು. ಹಸಿ ಅಕ್ಕಿ, ಕೆಮ್ಮಣ್ಣು ತಿಂತಾಳ. ಬಯಕಿ ಅಂತ ಬಿಟ್ಟೇವಿ. ಕೂಸು ದಪ್ಪ ಆದ್ರ ಹೆರಿಗಿ ಕಷ್ಟ ಅಂತ ರಾತ್ರಿ ಒಂದ ರೊಟ್ಟಿ ಅಷ್ಟ ಕೊಡತೇವಿ. ಇದು ಸರಿನ?
– ಓದುಗರು, ಗದಗ

ಉತ್ತರ: ತಾಯೀ, ಮಣ್ಣಿನ ಬಯಕೆಗೆ ಬಹಳ ಸಲ ರಕ್ತಹೀನತೆಯೇ ಕಾರಣ. ಬೈಯಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕೇ ಬೇಕು, ಕಬ್ಬಿಣ ತುಂಬುತ್ತಿದ್ದಂತೆ ಆ ಆಸೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಮಣ್ಣಿನಲ್ಲಿ ಜಂತುವಿನ ಮೊಟ್ಟೆ, ಕೆಲವೊಮ್ಮೆ ಸೀಸವೂ ಇರಬಹುದು, ಅದನ್ನು ನಿಲ್ಲಿಸಲೇಬೇಕು.

ರೊಟ್ಟಿ ಕಡಿಮೆ ಮಾಡಬೇಡಿ. ಹೊಟ್ಟೆಗೆ ಕಡಿಮೆ ತಿಂದರೆ ಹೆರಿಗೆ ಹಗುರವಾಗುವುದಿಲ್ಲ, ತಾಯಿ ಸೋಲುತ್ತಾಳೆ, ಮಗು ಎರಡೂವರೆ ಕೆಜಿಗಿಂತ ಕಡಿಮೆ ಹುಟ್ಟಿ ಸೋಂಕಿಗೆ ಬೇಗ ಸಿಗುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚಿಗೆ ಬೇಕು. ಅಂದರೆ ಮೊದಲಿನ ಊಟದ ಮೇಲೆ ಇನ್ನೊಂದು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಕಾಳಿನ ಪಲ್ಯ, ಒಂದು ಲೋಟ ಹಾಲು. ಒಂದೇ ಸಲ ತಿನ್ನಲಾಗದಿದ್ದರೆ ಐದು ಹೊತ್ತಿಗೆ ಹಂಚಿ. ಮೊದಲು ಸರಿಯಾದ ತೂಕವಿದ್ದ ಬಸುರಿ ಒಟ್ಟು 10–12 ಕೆಜಿ ಏರಬೇಕು. ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ ಸಿಗುತ್ತದೆ, ಹೆಸರು ಬರೆಸಿ.

ಪ್ರಶ್ನೆ: ಪರಂಗಿ ಹಣ್ಣು ಮುಟ್ಟಲೇಬಾರದೇ?
– ಓದುಗರು, ಹಾಸನ

ಉತ್ತರ: ಪೂರ್ತಿ ಮಾಗಿ ಒಳಗೆ ಕೆಂಪೇರಿದ ಹಣ್ಣಿನ ನಾಲ್ಕೈದು ಹೋಳು ತಿನ್ನಬಹುದು, ಮಲಬದ್ಧತೆಗೂ ಒಳ್ಳೆಯದು. ಕಾಯಿ, ಅರೆಹಣ್ಣು ಬೇಡ. ಕೊಯ್ದಾಗ ಬಿಳಿ ಹಾಲು ಒಸರಿದರೆ ಪಕ್ಕಕ್ಕಿಡಿ. ಗರ್ಭಕೋಶ ಸಂಕುಚಿಸುವ ಭಯ ಇರುವುದು ಆ ಹಾಲಿನಿಂದ.