ವೇಳಾಪಟ್ಟಿ ಹಾಕಿಕೊಂಡು ಬದುಕುವುದು ಅವಿಶ್ವಾಸವೇ? ಒಬ್ಬ ದರ್ಜಿಯ ಉತ್ತರ

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ಬೆಂಗಳೂರಿನಲ್ಲಿ ಕಚೇರಿ ಕೆಲಸ, ಮನೆಯಲ್ಲಿ ಎರಡು ವರ್ಷದ ಮಗು, ಹೋಗಿ ಬರುವುದಕ್ಕೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ. ನಸುಕಿನ ನಾಲ್ಕಕ್ಕೆ ಎದ್ದು ಪ್ರಾರ್ಥಿಸದವರ ದಿನಕ್ಕೆ ಆಶೀರ್ವಾದವಿಲ್ಲ ಎಂದು ಒಂದು ಪ್ರಸಂಗದಲ್ಲಿ ಕೇಳಿದಿರಿ, ಏಳಲಾಗುತ್ತಿಲ್ಲ, ಎದ್ದ ದಿನ ಮೊಣಕಾಲೂರಿದಲ್ಲೇ ನಿದ್ದೆ ಹತ್ತುತ್ತದೆ. ವೇಳಾಪಟ್ಟಿ ಹಾಕಿಕೊಂಡರೆ ದೇವರ ಮೇಲೆ ಭರವಸೆ ಸಾಲದೆಂದು ಅನಿಸುತ್ತದೆ, ಹಾಕಿಕೊಳ್ಳದಿದ್ದರೆ ದಿನ ಕೈಜಾರುತ್ತದೆ. ಇದರ ಮೇಲೆ ಸಭೆಯಲ್ಲಿ ಸಂಡೇಸ್ಕೂಲ್ ನಡೆಸಲು ಕರೆದಿದ್ದಾರೆ, ಇಲ್ಲವೆನ್ನಲು ಬಾಯಿ ಬರುತ್ತಿಲ್ಲ.

ನಾನು ದೇವಶಾಸ್ತ್ರ ಓದಿದವಳಲ್ಲ. ಧಾರವಾಡದಲ್ಲಿ 28 ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಕೈಗೆ ಒಬ್ಬ ಹುಡುಗಿ. ಸಮಯದ ವಿಷಯದಲ್ಲಿ ದೇವರು ನನಗೆ ಕಲಿಸಿದ್ದೆಲ್ಲ ಆ ಮೇಜಿನ ಮೇಲೆಯೇ ಕಲಿಸಿದನು. ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ನಮ್ಮ ಕಸುಬಿನಲ್ಲಿ ಒಂದು ಹಳೆಯ ಪಾಪವಿದೆ: ‘ನಾಳೆ ಬನ್ನಿ’ ಎನ್ನುವುದು. ಸುಮಾರು ಹನ್ನೆರಡು ವರ್ಷಗಳ ಹಿಂದಿನ ಡಿಸೆಂಬರ್. ಕ್ರಿಸ್ಮಸ್ಸಿನ ಬಟ್ಟೆಗಳ ಜೊತೆಗೆ, ಹಬ್ಬ ಮುಗಿದ ಎರಡನೆಯ ದಿನಕ್ಕೆ ಇದ್ದ ಒಂದು ಮದುವೆಯ ಬ್ಲೌಸು. ಬಿಳಿ ರೇಷ್ಮೆ, ಸೀರೆಯ ಜೊತೆಗೇ ಬಂದ ತುಂಡು, ಒಂದಂಗುಲವೂ ಹೆಚ್ಚಿಲ್ಲ. ಬಂದ ಬಟ್ಟೆಯನ್ನೆಲ್ಲ ಹಿಡಿದುಕೊಂಡಿದ್ದೆ. ಯಾರಿಗೂ ಇಲ್ಲ ಎಂದಿರಲಿಲ್ಲ, ಬಂದದ್ದನ್ನು ದೇವರು ಕಳುಹಿಸಿದ್ದಾನೆ ಎಂದೇ ತಿಳಿದಿದ್ದೆ. ಮದುಮಗಳ ತಾಯಿ 20ನೆಯ ತಾರೀಖು ಬಂದು ಕೇಳಿದರು. ‘ಹೊಲಿದಾಗಿದೆ ಅಕ್ಕಾ, ಹುಕ್ಕು ಹಚ್ಚುವುದಷ್ಟೇ ಬಾಕಿ, ನಾಳೆ ಬನ್ನಿ’ ಎಂದೆ. ಬಟ್ಟೆ ಚೀಲದಲ್ಲೇ ಇತ್ತು, ಕತ್ತರಿ ಕೂಡ ಮುಟ್ಟಿರಲಿಲ್ಲ.

ಆ ರಾತ್ರಿ ಕುಳಿತೆ. ಕುಳಿತುಕೊಳ್ಳುವ ಮೊದಲು ಪ್ರಾರ್ಥಿಸಿದೆ, ಅದೂ ಕಣ್ಣೀರಿಟ್ಟು: ಕರ್ತನೇ, ಬಲ ಕೊಡು, ಬೆಳಗಾಗುವುದರೊಳಗೆ ಮುಗಿಸಿಕೊಡು. ಎರಡು ಗಂಟೆಯ ಹೊತ್ತಿಗೆ ತೋಳು ಕತ್ತರಿಸಿದೆ. ಜೋಡಿಸಲು ಹೋದಾಗ ತಿಳಿಯಿತು, ಎರಡೂ ತೋಳನ್ನು ಒಂದೇ ಕೈಗೆ ಕತ್ತರಿಸಿದ್ದೆ. ಹೊಲಿಗೆ ಬಲ್ಲವರಿಗೆ ಇದರ ಅರ್ಥ ಗೊತ್ತು. ಬಟ್ಟೆ ಹಾಳು, ಬೇರೆ ತುಂಡಿಲ್ಲ.

ಆ ಮೇಜಿನ ಮುಂದೆ ಎಷ್ಟು ಹೊತ್ತು ಕುಳಿತಿದ್ದೆನೋ ನೆನಪಿಲ್ಲ. ಆದರೆ ಆಗ ಹೊಳೆದದ್ದು ನೆನಪಿದೆ. ನಾನು ಸಂಜೆ ಮಾಡಿದ ಪ್ರಾರ್ಥನೆ ಏನಾಗಿತ್ತು? ನನ್ನ ಸುಳ್ಳನ್ನು ನಿಜ ಮಾಡಿಕೊಡು ಎಂದು ದೇವರನ್ನು ಕೇಳಿದ್ದೆ. ನನ್ನ ಕೈಯಲ್ಲಿಲ್ಲದ ಗಂಟೆಗಳನ್ನು ಹತ್ತು ಜನರಿಗೆ ಹಂಚಿ, ಕಡಿಮೆ ಬಿದ್ದದ್ದನ್ನು ನೀನು ತುಂಬು ಎಂದಿದ್ದೆ. ಅದನ್ನೇ ಇಷ್ಟು ವರ್ಷ ಭರವಸೆ ಎಂದುಕೊಂಡಿದ್ದೆ.

ಬೆಳಿಗ್ಗೆ ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ತಾಯಿ ಅತ್ತರು. ಆಮೇಲೆ ಇಬ್ಬರೂ ಹುಬ್ಬಳ್ಳಿಗೆ ಹೋಗಿ ಬಿಳಿಯ ಜಾಳಿಗೆ ಬಟ್ಟೆ ತಂದು, ತೋಳಿಗೆ ಅದನ್ನೇ ಹಾಕಿದೆವು. ಅವರು ನನ್ನನ್ನು ಕ್ಷಮಿಸಿದರು, ಇಂದಿಗೂ ನನ್ನ ಬಳಿಯೇ ಹೊಲಿಸುತ್ತಾರೆ. ಅದು ಅವರ ದೊಡ್ಡತನ.

ಆ ವಾರವೇ ಸತ್ಯವೇದದಲ್ಲಿರುವ ಯಾಕೋಬನ ಪತ್ರದ ನಾಲ್ಕನೆಯ ಅಧ್ಯಾಯವನ್ನು ಮೊದಲ ಬಾರಿಗೆ ಓದಿದಂತೆ ಓದಿದೆ. ಇಂದೋ ನಾಳೆಯೋ ಇಂಥ ಪಟ್ಟಣಕ್ಕೆ ಹೋಗಿ, ಒಂದು ವರ್ಷ ಇದ್ದು, ವ್ಯಾಪಾರ ಮಾಡಿ ಲಾಭ ಪಡೆಯುತ್ತೇವೆ ಎನ್ನುವವರಿಗೆ ಆತ ಹೇಳುತ್ತಾನೆ: ನಾಳೆ ಏನಾಗುವುದೋ ನಿಮಗೆ ತಿಳಿಯದು, ನಿಮ್ಮ ಜೀವ ಸ್ವಲ್ಪ ಹೊತ್ತು ಕಾಣಿಸಿ ಮಾಯವಾಗುವ ಹಬೆ, ಕರ್ತನ ಚಿತ್ತವಿದ್ದರೆ ಇದನ್ನು ಮಾಡುತ್ತೇವೆ ಎನ್ನಬೇಕು. ಗಮನಿಸಿ, ‘ಮಾಡುತ್ತೇವೆ’ ಎನ್ನುವ ಮಾತನ್ನು ಆತ ತೆಗೆದುಹಾಕಲಿಲ್ಲ. ಯೋಜನೆ ಉಳಿಯುತ್ತದೆ. ಆದರೆ ನಾಳೆ ಎಂಬುದು ತನ್ನ ಗಲ್ಲಾಪೆಟ್ಟಿಗೆಯಲ್ಲಿರುವ ಹಣ ಎಂಬಂತೆ ಖರ್ಚು ಮಾಡಲು ಆಗದು.

ಪೌಲನನ್ನೇ ನೋಡಿ. ಅವನೂ ಬಟ್ಟೆ ಕತ್ತರಿಸುವ ಕಸುಬಿಗೆ ಹತ್ತಿರದವನು, ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡುತ್ತಿದ್ದವನು. ಅವನಷ್ಟು ಯೋಜನೆ ಹಾಕಿದವರು ವಿರಳ. ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದ, ಆತ್ಮನು ಬಿಡಲಿಲ್ಲ, ಮಕೆದೋನ್ಯಕ್ಕೆ ಹೋದ. ರೋಮ್‌ಗೆ ಬರಬೇಕೆಂದು ಎಷ್ಟೋ ಸಲ ಉದ್ದೇಶಿಸಿದೆ, ಅಡ್ಡಿಯಾಯಿತು ಎಂದು ತಾನೇ ಬರೆದಿದ್ದಾನೆ. ಯೋಜನೆ ಕೆಟ್ಟಿತೆಂದು ಅವನು ಯೋಜನೆ ಹಾಕುವುದನ್ನು ಬಿಡಲಿಲ್ಲ. ನೆಹೆಮೀಯನೂ ಹಾಗೆಯೇ: ದೇವರಿಗೆ ಪ್ರಾರ್ಥಿಸಿದೆವು, ಹಗಲಿರುಳು ಕಾವಲನ್ನೂ ಇಟ್ಟೆವು ಎನ್ನುತ್ತಾನೆ. ಯೆರೂಸಲೇಮಿನ ಗೋಡೆ 52 ದಿನಗಳಲ್ಲಿ ಮುಗಿಯಿತು. ಆ ಲೆಕ್ಕವನ್ನೂ ಬರೆದಿಟ್ಟಿದ್ದಾನೆ.

ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲನು ಕಾಲವನ್ನು ಉಪಯೋಗಿಸಿಕೊಳ್ಳಿರಿ ಎನ್ನುವಲ್ಲಿ, ಗ್ರೀಕ್ ಮೂಲದಲ್ಲಿರುವುದು ಸಂತೆಯ ಮಾತಂತೆ, ಬೆಲೆ ಕೊಟ್ಟು ಬಿಡಿಸಿಕೊಳ್ಳುವುದು ಎಂದರ್ಥ. ಕಾಲ ಎನ್ನುವುದಕ್ಕೆ ಅಲ್ಲಿರುವ ಪದ ‘ಕೈರೋಸ್’. ಗಡಿಯಾರದ ಹೊತ್ತಿಗಿಂತ ಹೆಚ್ಚಾಗಿ ತಕ್ಕ ಸಮಯ ಎಂಬ ಅರ್ಥದ ಪದ. ನಮ್ಮ ಸಭಾಪಾಲಕ ಅಯ್ಯನವರು ವೇದಪಾಠದಲ್ಲಿ ಇದನ್ನು ವಿವರಿಸಿದಾಗ ನನಗೆ ಕೂಡಲೇ ಅಪ್ಪ ನೆನಪಾದರು. ಅದಕ್ಕೆ ಅಪ್ಪನ ಬಾಯಲ್ಲಿ ಒಂದೇ ಮಾತಿತ್ತು: ಹದ.

ಅಪ್ಪನಿಗೆ ನಾಲ್ಕು ಎಕರೆ ಎರೆಹೊಲ. ಹಿಂಗಾರಿ ಜೋಳ ಬಿತ್ತುವ ಮೊದಲು, ಮಳೆ ನಿಂತ ಮೇಲೆ, ದಿನವೂ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಒತ್ತಿ ನೋಡುತ್ತಿದ್ದರು. ಅಂಟಿದರೆ ಇನ್ನೂ ಹಸಿ, ಕೂರಿಗೆ ಸಾಗದು. ಪುಡಿಯಾಗಿ ಉದುರಿದರೆ ಹದ ತಪ್ಪಿತು. ನಡುವೆ ಸಿಗುವುದು ಕೆಲವೇ ದಿನ. ಆ ದಿನ ಬಂದಿತೆಂದರೆ ನೆಂಟರು ಬಂದರೂ ನಿಲ್ಲುತ್ತಿರಲಿಲ್ಲ. ಆದರೆ ಕೂರಿಗೆ ಹೂಡುವ ಮೊದಲು ಬದುವಿನ ಮೇಲೆ ನಿಂತು, ತಲೆಯ ರುಮಾಲು ತೆಗೆದು, ಎರಡೇ ಮಾತಿನ ಪ್ರಾರ್ಥನೆ. ಬಿತ್ತಿದ ಮೇಲೆ ಅವರ ಮುಖದಲ್ಲಿ ಆತುರ ಇರುತ್ತಿರಲಿಲ್ಲ. ಯಾಕೋಬನೇ ಹೇಳುವ ರೈತ ಅವರು: ಮುಂಗಾರು ಹಿಂಗಾರಿಗಾಗಿ ತಾಳ್ಮೆಯಿಂದ ಕಾಯುವವನು. ನೀವು ಯೋಜನೆ ಒಂದು ಕಡೆ, ಭರವಸೆ ಇನ್ನೊಂದು ಕಡೆ ಎಂದು ಇಟ್ಟು ಕೇಳಿದಿರಿ. ಅಪ್ಪನ ಒಂದೇ ದಿನದಲ್ಲಿ ಅವೆರಡೂ ಇದ್ದವು. ಬೇರೆ ಬೇರೆ ಎಂದು ಅವರಿಗೆ ತೋರಿದ್ದೇ ಇಲ್ಲ.

ಆ ಡಿಸೆಂಬರಿನ ನಂತರ ನಾನು ಮಾಡಿದ ಮೊದಲ ಕೆಲಸ, ಎಣಿಸುವುದು. ನಮ್ಮ ದಿನಗಳನ್ನು ಎಣಿಸಿಕೊಳ್ಳುವುದನ್ನು ಕಲಿಸು ಎಂದು ತೊಂಬತ್ತನೆಯ ಕೀರ್ತನೆಯಲ್ಲಿ ಮೋಶೆ ಬೇಡುತ್ತಾನಲ್ಲ, ಅದನ್ನು ಮರಣದ ಮನೆಯಲ್ಲಿ ಮಾತ್ರ ಓದುತ್ತೇವೆ. ನಾನು ಅದನ್ನು ಅಳತೆ ಪುಸ್ತಕಕ್ಕೆ ತಂದೆ. ಸಾದಾ ಬ್ಲೌಸಿಗೆ ಒಂದೂವರೆ ಗಂಟೆ, ಲೈನಿಂಗ್ ಇದ್ದರೆ ಮೂರು. ನನಗಿರುವುದು ಎಂಟು ಗಂಟೆ. ಆರು ಗಂಟೆ ಯಂತ್ರಕ್ಕೆ, ಒಂದು ಗಂಟೆ ಅಳತೆ ತೆಗೆಯಲು, ಬಂದವರ ಜೊತೆ ಮಾತಿಗೆ. ಅಂದರೆ ದಿನಕ್ಕೆ ನಾಲ್ಕು ಸಾದಾ, ಇಲ್ಲವೇ ಎರಡು ಲೈನಿಂಗಿನದು. ಇಷ್ಟೇ. ಈ ಅಂಕಿ ನೋಡಿದಾಗ ನಾಚಿಕೆಯಾಯಿತು, ಏಕೆಂದರೆ ನಾನು ಎಂಟು ಹತ್ತಕ್ಕೆ ಮಾತು ಕೊಡುತ್ತಿದ್ದೆ. ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರು ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನವನ್ನು ತಲೆಗೊಂದು ಓಮೆರಿನಂತೆ ಅಳೆದುಕೊಂಡರು; ಓಮೆರ್ ಎಂದರೆ ಆಗಿನ ಒಂದು ಅಳತೆ. ನನ್ನ ಓಮೆರ್ ಇದು ಎಂದು ಒಪ್ಪಿಕೊಂಡೆ. ಆ ಒಪ್ಪಿಕೊಳ್ಳುವಿಕೆಯೇ ನನಗೆ ಭರವಸೆಯ ಮೊದಲ ಪಾಠವಾಯಿತು; ದೇವರು ಕೊಟ್ಟದ್ದು ಇಷ್ಟಾದರೆ ಇಷ್ಟೇ ಸಾಕಾಗುವುದು ಎಂದು ನಂಬಬೇಕಾಯಿತು, ನಂಬಿ ಗಿರಾಕಿಗಳನ್ನು ವಾಪಸು ಕಳುಹಿಸಬೇಕಾಯಿತು.

ಎಂಟನೆಯ ಗಂಟೆ ಖಾಲಿ. ಇದನ್ನು ಸ್ವಲ್ಪ ವಿವರಿಸುತ್ತೇನೆ, ನಿಮಗೆ ಇದೇ ಹೆಚ್ಚು ಬೇಕಾದದ್ದು ಎನಿಸುತ್ತದೆ. ಒಳ್ಳೆಯ ದರ್ಜಿ ಹೊಲಿಗೆಯ ಒಳಗೆ ಒಂದಂಗುಲ ಬಟ್ಟೆ ಬಿಡುತ್ತಾಳೆ. ಹೊರಗೆ ಕಾಣದು, ಆದರೆ ಮೈ ತುಂಬಿಕೊಂಡಾಗ ಬಿಚ್ಚಿ ಸಡಿಲ ಮಾಡಲು ಅದೇ ಬೇಕು. ಹೊಲ ಕೊಯ್ಯುವಾಗ ಮೂಲೆಗಳನ್ನು ಪೂರ್ತಿ ಕೊಯ್ಯಬೇಡ, ಬಡವನಿಗೂ ಪರದೇಶಿಗೂ ಬಿಡು ಎಂದು ಯಾಜಕಕಾಂಡದಲ್ಲಿ ಆಜ್ಞೆಯಿದೆ. ದಿನದ ಮೂಲೆಗೂ ಅದು ಸಲ್ಲುತ್ತದೆ. ಯೇಸು ಯಾಯೀರನ ಮನೆಗೆ ಹೊರಟಿದ್ದಾಗ, ಮಗಳು ಸಾಯುವ ಸ್ಥಿತಿಯಲ್ಲಿದ್ದಾಗ, ದಾರಿಯಲ್ಲಿ ಹನ್ನೆರಡು ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸು ಅವನ ಬಟ್ಟೆ ಮುಟ್ಟಿದಳು. ಅವನು ನಿಂತನು. ಅವಳು ನಡೆದದ್ದನ್ನೆಲ್ಲ ಹೇಳುವವರೆಗೂ ನಿಂತನು. ನನ್ನ ಖಾಲಿ ಗಂಟೆಯಲ್ಲಿ ಪಕ್ಕದ ಮನೆಯ ಅಜ್ಜಿಗೆ ಮಾತ್ರೆ ತಂದುಕೊಟ್ಟಿದ್ದೇನೆ, ಗಂಡನಿಂದ ಹೊಡೆಸಿಕೊಂಡು ಬಂದ ಒಬ್ಬಳ ಮಾತು ಕೇಳಿದ್ದೇನೆ. ಯಾರೂ ಬಾರದ ದಿನ ಕಾಜಾ ಹಾಕುತ್ತೇನೆ. ಮೊದಲಾದರೆ ಇವರೆಲ್ಲ ನನಗೆ ಅಡ್ಡಿಗಳಾಗಿದ್ದರು.

ಈಗ ನಾಲ್ಕು ಗಂಟೆಯ ವಿಷಯ. ಆ ಪ್ರಸಂಗವನ್ನು ನಾನು ಒಪ್ಪುವುದಿಲ್ಲ, ನೇರವಾಗಿಯೇ ಹೇಳುತ್ತೇನೆ. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ್ದು ನಿಜ, ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿದೆ. ಆದರೆ ಅಲ್ಲಿಗೇ ನಿಲ್ಲಿಸದೆ ಮುಂದಿನದನ್ನೂ ಓದಿ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯರು ಬಂದಾಗ, ಅವನು ಕಪೆರ್ನೌಮಿಗೆ ಹಿಂತಿರುಗದೆ ಬೇರೆ ಊರುಗಳಿಗೆ ಹೊರಟನು. ಆ ಪ್ರಾರ್ಥನೆಯಿಂದ ಎದ್ದಾಗ ಯಾವುದಕ್ಕೆ ಇಲ್ಲವೆನ್ನಬೇಕು ಎಂಬುದು ಅವನಿಗೆ ಸ್ಪಷ್ಟವಿತ್ತು. ಗಡಿಯಾರದ ಮುಳ್ಳು ಎಲ್ಲಿತ್ತು ಎನ್ನುವುದಕ್ಕಿಂತ ನನಗೆ ಅದು ದೊಡ್ಡದು. ನಸುಕಿನಲ್ಲಿ ಎದ್ದು ಹೊತ್ತಾಗಿ ಮಲಗಿ ಕಷ್ಟದ ಅನ್ನ ತಿನ್ನುವುದು ವ್ಯರ್ಥ, ಆತನು ತನ್ನ ಪ್ರಿಯರಿಗೆ ನಿದ್ರೆ ಕೊಡುತ್ತಾನೆ ಎಂದು ನೂರ ಇಪ್ಪತ್ತೇಳನೆಯ ಕೀರ್ತನೆಯೂ ಹೇಳುತ್ತದೆ. ಆದಿಕಾಂಡದಲ್ಲಿ ದಿನ ಶುರುವಾಗುವುದೇ ಸಾಯಂಕಾಲದಿಂದ: ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು, ಮೊದಲನೆಯ ದಿನ. ನೀವು ಮಲಗಿದಾಗಲೇ ದೇವರ ಕೆಲಸ ಶುರುವಾಗಿರುತ್ತದೆ. ಎರಡು ವರ್ಷದ ಮಗುವಿನ ತಾಯಿ ಆರಕ್ಕೆ ಏಳಲಿ, ಅದು ಅವಿಶ್ವಾಸವಲ್ಲ.

ಹಾಗಾದರೆ ಪ್ರಾರ್ಥನೆ ಯಾವಾಗ? ನಾನು ಮೊದಲ ನೂಲು ಪೋಣಿಸುವ ಮುಂಚೆ ಒಂದು ಕೀರ್ತನೆ ಓದುತ್ತೇನೆ, ಜೋರಾಗಿ, ಹುಡುಗಿಗೂ ಕೇಳಿಸಲಿ ಎಂದು. ಆಮೇಲೆ ದಿನದ ಚೀಟಿಯನ್ನು ಕೈಯಲ್ಲಿ ಹಿಡಿದು, ಅದರಲ್ಲಿರುವ ಹೆಸರುಗಳನ್ನು ಒಂದೊಂದಾಗಿ ದೇವರ ಮುಂದೆ ಹೇಳುತ್ತೇನೆ. ಇವರ ಬಟ್ಟೆ, ಇವರ ಮನೆ, ಇವರ ದುಃಖ. ಬಾಬಿನ್ ಸುತ್ತುವಾಗ ಮತ್ತೆ ಒಂದು ಮಾತು. ಒಂದು ಗಂಟೆ ಒಟ್ಟಿಗೆ ಸಿಗುವುದು ಶನಿವಾರ ರಾತ್ರಿ ಮಾತ್ರ. ನಿಮಗೆ ಬಸ್ಸಿನ ಮೂರು ಗಂಟೆ ಇದೆ. ಹೋಗುವಾಗ ಮೊದಲ ಅರ್ಧ ಗಂಟೆ ಮೊಬೈಲ್ ಚೀಲದಲ್ಲಿರಲಿ. ಪ್ರಾರ್ಥನಾ ಗುಂಪಿನ ಸಂದೇಶಗಳೂ ಸೇರಿದಂತೆ ಎನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಪ್ಪತ್ತು ಜನ ಕಳುಹಿಸಿದ ಇಪ್ಪತ್ತು ವಾಕ್ಯಗಳನ್ನು ಬೆರಳಿನಲ್ಲಿ ಸರಿಸುವುದಕ್ಕಿಂತ ಒಂದೇ ವಾಕ್ಯ ಮನಸ್ಸಿನಲ್ಲಿ ಕೂರುವುದು ಒಳ್ಳೆಯದು. ಬರುವಾಗ ನಿದ್ದೆ ಬಂದರೆ ಮಲಗಿ.

ಭಾನುವಾರ ಅಂಗಡಿ ಮುಚ್ಚುತ್ತೇನೆ, ದೀಪಾವಳಿಯ ಹಿಂದಿನ ಭಾನುವಾರವೂ. ಮೊದಲ ವರ್ಷ ಕೆಲವು ಗಿರಾಕಿಗಳು ಬೇರೆ ಕಡೆ ಹೋದರು, ಆದಾಯವೂ ಇಳಿಯಿತು. ನಂಬಿದ ಕೂಡಲೇ ದುಪ್ಪಟ್ಟಾಯಿತು ಎಂದು ಸಾಕ್ಷಿ ಹೇಳಿದರೆ ಅದು ಸುಳ್ಳಾಗುತ್ತದೆ. ಆ ವರ್ಷ ಹೊಸ ಯಂತ್ರ ಕೊಳ್ಳುವ ಆಸೆ ಬಿಟ್ಟೆವು, ಊಟಕ್ಕೆ ಕೊರತೆಯಾಗಲಿಲ್ಲ.

ಕಳೆದುಹೋದ ವರ್ಷಗಳ ಬಗ್ಗೆ ಒಂದು ಸಾಲು ಬರೆದಿದ್ದೀರಿ, ವ್ಯರ್ಥವಾಯಿತು ಎಂದು. ವಿಲಿಯಂ ಕೇರಿಯನ್ನು ನೆನೆಯುತ್ತೇನೆ. ಚಪ್ಪಲಿ ಹೊಲಿಯುವ ಕೆಲಸದಿಂದ ಬಂದು ಬಂಗಾಳದ ಶ್ರೀರಾಂಪುರದಲ್ಲಿ ಸತ್ಯವೇದ ಅನುವಾದಿಸಿದವರು. 1812ರ ಮಾರ್ಚ್ 11ರಂದು ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ವರ್ಷಗಳ ಹಸ್ತಪ್ರತಿಗಳು, ನಿಘಂಟಿನ ಕೆಲಸ ಸುಟ್ಟುಹೋದವು. ಆಗ ಅವರಿಗೆ ಐವತ್ತು ದಾಟಿತ್ತು. ಮತ್ತೆ ಮೊದಲಿನಿಂದ ಕುಳಿತರು. ಸುಟ್ಟದ್ದು ಹಾಳೆ, ಅದನ್ನು ಬರೆದ ಕೈಗೆ ಬಂದ ಪಳಗಿಕೆ ಸುಟ್ಟಿರಲಿಲ್ಲ.

ಇನ್ನು ಸಂಡೇಸ್ಕೂಲು. ಈ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಸಭಾಪಾಲಕರ ಬಳಿ ಹೋಗಿ, ‘ಅಯ್ಯನವರೇ, ಮಗುವಿಗೆ ಮೂರು ತುಂಬುವವರೆಗೆ ಪ್ರತಿ ವಾರ ಆಗುವುದಿಲ್ಲ, ತಿಂಗಳಿಗೊಮ್ಮೆ ಆದರೆ ಬರುತ್ತೇನೆ’ ಎಂದು ಹೇಳಿ. ತಿಂಗಳಿಗೊಮ್ಮೆಯೂ ಆಗದಿದ್ದರೆ ಅದನ್ನೇ ಹೇಳಿ. ‘ನೋಡೋಣ’ ಎಂದು ಮಾತ್ರ ಹೇಳಿ ಬರಬೇಡಿ. ಅದು ನನ್ನ ‘ನಾಳೆ ಬನ್ನಿ’ಯ ತಂಗಿ. ನಿಮ್ಮ ಹೆಸರು ನನಗೆ ತಿಳಿಯದು, ಆದರೂ ನಾಳಿನ ಚೀಟಿಯ ಕೊನೆಯಲ್ಲಿ ‘ಬೆಂಗಳೂರಿನ ತಾಯಿ’ ಎಂದು ಬರೆದಿದ್ದೇನೆ. ಕರ್ತನ ಚಿತ್ತವಿದ್ದರೆ, ಬೆಳಿಗ್ಗೆ ಒಂಬತ್ತಕ್ಕೆ ನಿಮಗಾಗಿ ಪ್ರಾರ್ಥಿಸುತ್ತೇನೆ.